ಹಬೆಮನೆಯ ಎಂಜಿನ್

ಸಾಯೋ ಹಿಂದಿನ ದಿನ, ಶನಿವಾರ, ನನ್ನ ಗಂಡ ತೌನೋ ಹಬೆಸ್ನಾನ ಮುಗಿಸಿ, ಟವೆಲ್ ಸುತ್ತಿಕೊಂಡು ತನ್ನ ಎಂಜಿನ್ ಮುಂದೆ ಕೂತಿದ್ದ. ಮನೇಲೇ ಎಂಜಿನ್ ಬಿಚ್ಚೋ ಗಂಡಸರ ಜಾತಿಯೇ ಬೇರೆ. ನಮ್ಮ ಹಳೇ ಕಾರನ್ನು ಓಟದ ಕಾರು ಮಾಡ್ತೀನಂತ ಎಂಜಿನ್ ಇಳಿಸಿದ. ಗ್ಯಾರೇಜಲ್ಲಿಟ್ರೆ ಫಿನ್ಲೆಂಡಿನ ಚಳೀನ ಅದು ತಡೆಯೋಲ್ಲಂತ ಹಬೆಮನೆಯ ಬಟ್ಟೆ ಬಿಚ್ಚೋ ಕೋಣೆಗೆ ತಂದ. ಹಬೆಗೆ ತುಕ್ಕು ಹಿಡಿಯುತ್ತೆ ಅನ್ನೋದು ಅವನಿಗೆ ಆಮೇಲೆ ಹೊಳೀತು. ನಟ್ಟುಗಳೆಲ್ಲ ನನ್ನ ಜಾಮ್ ಬಾಟಲಿ ಸೇರಿದವು. “ಜಾಮ್ ಎಲ್ಲಿ ಹಾಕ್ಲಿ?” ಅಂದ್ರೆ, “ತಿಂದುಬಿಡು” ಅಂದ. ಯಾವತ್ತು ಕೇಳಿದ್ರೂ “ಇನ್ನೆರಡೇ ವಾರ ಕಣೇ.” ಹಾಗೇ ಮೂರು ವರ್ಷ. ಪಕ್ಕದ್ಮನೆ ರೈಮೋ ಸ್ನಾನಕ್ಕೆ ಬಂದಾಗೆಲ್ಲ, “ಎಷ್ಟು ಸ್ಪೀಡಪ್ಪಾ?” ಅಂತ ಕೆಣಕೋನು. “ಗಂಟೆಗೆ ಇನ್ನೂರು.” “ಈಗ?” “ಈಗ ಕೂತಿದೆ, ನಿನ್ನ ಹಾಗೆ.” ತೌನೋ ನನ್ನನ್ನ ‘ಹೇಗಿದ್ದೀಯ’ ಅಂತ ವರ್ಷಕ್ಕೊಮ್ಮೆ ಕೇಳಿದ್ರೆ ಹೆಚ್ಚು. ಎಂಜಿನ್ನಿಗೆ ಮಾತ್ರ ದಿನಾ ಬೆಳಿಗ್ಗೆ ಎಣ್ಣೆ ಬಿಟ್ಟು, ದೊಡ್ಡ ಸ್ಪ್ಯಾನರ್ ಹಾಕಿ ಒಂದು ಸುತ್ತು ತಿರುಗಿಸೋನು. “ಹೀಗೆ ಮಾಡದಿದ್ರೆ ಒಳಗೆ ಕಚ್ಕೊಂಡುಬಿಡುತ್ತೆ ಕಣೇ, ಆಮೇಲೆ ಮುಗೀತು.” ಭಾನುವಾರ ಕಾಫಿ ಕುಡೀತಾ ಅವನ ಎದೆಬಡಿತವೇ ನಿಂತುಹೋಯ್ತು. ಮಣ್ಣು ಮಾಡಿ ಬಂದಮೇಲೆ ರೈಮೋ, “ಅದನ್ನ ಗುಜರಿಗೆ ಹಾಕಮ್ಮ” ಅಂದ. ಹಾಕಿಲ್ಲ. ದಿನಾ ಬೆಳಿಗ್ಗೆ ಕಾಫಿಗೆ ಮುಂಚೆ ಎಣ್ಣೆ ಬಿಟ್ಟು ಒಂದು ಸುತ್ತು ತಿರುಗಿಸ್ತೀನಿ.