ಗುರುವಾರದ ಟ್ಯಾಂಕ್ ಬ್ಯಾಗ್

ಮಹಾಗಾಂವ ಕ್ರಾಸ್ ದಾಟಿದ ಮೇಲೆ ಒಂದು ಸ್ಪೀಡ್ ಬ್ರೇಕರ್ ಇದೆ. ಅದರ ಮೇಲೆ ನನ್ನ ದೂರೇನೂ ಇಲ್ಲ. ನಮ್ಮ ಯಜಮಾನರು ಅದನ್ನು ಪ್ರತಿ ಗುರುವಾರ ನೋಡುತ್ತಾರೆ, ಮುಂದಿನ ಗುರುವಾರದೊಳಗೆ ಮರೆಯುತ್ತಾರೆ. ಅಂದೂ ಹಾಗೇ ಆಯಿತು. ನನ್ನ ಮಡಿಲಲ್ಲಿ ಬಟ್ಟೆಯ ಚೀಲ, ಚೀಲದೊಳಗೆ ಬೇಯಿಸಿದ ಬೇಳೆಯ ಡಬ್ಬಿ, ಕನ್ನಡಕ, ಒಂದು ದಪ್ಪ ಕಾದಂಬರಿ. ಎರಡೂ ಕೈಯಿಂದ ಚೀಲವನ್ನು ಅಪ್ಪಿಕೊಂಡಿದ್ದೆ. ಬೈಕ್ ಹಾರಿತು, ನಾನೂ ಹಾರಿದೆ. ಬೈಕ್ ಇಳಿದ ಜಾಗದಲ್ಲಿ ಮಾತ್ರ ನಾನು ಇಳಿಯಲಿಲ್ಲ.

ದೇವರು ದೊಡ್ಡವನು, ರಸ್ತೆಯ ಬದಿಯಲ್ಲಿ ಯಾರೋ ಮೆತ್ತನೆಯ ಮಣ್ಣು ಸುರಿದಿದ್ದರು. ಅದರ ಮೇಲೆ ಕೂತಿದ್ದೆ. ಬೆನ್ನು ನೆಟ್ಟಗೆ, ಮಂಡಿ ಜೋಡಿಸಿ, ಚೀಲ ಮಡಿಲಲ್ಲಿ. ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ರೂಲರ್ ಹಿಡಿದು ಕಲಿಸಿದ ಪೋಸ್ಚರ್ ಎಪ್ಪತ್ತರ ಹತ್ತಿರವೂ ಬಿಟ್ಟುಹೋಗಿರಲಿಲ್ಲ. ಬೇಳೆ ಮಾತ್ರ ಡಬ್ಬಿ ಬಿಟ್ಟು ನನ್ನ ಸೀರೆಗೆ ಬಂದಿತ್ತು. ಯಜಮಾನರು ಏನೋ ಕೇಳಿ, ಉತ್ತರ ಬರಲಿಲ್ಲವೆಂದು ಒಂದಷ್ಟು ದೂರ ಹೋದ ಮೇಲೆ ಹಿಂತಿರುಗಿ ನೋಡಿದರಂತೆ. ವಾಪಸ್ ಬಂದು ಬೈಕ್ ನಿಲ್ಲಿಸಿ ಅವರು ಆಡಿದ ಮೊದಲ ಮಾತು ಇದು:

"ಯಾಕ ಇಳದಿ?"

ನಾವು ಪ್ರತಿ ಗುರುವಾರ ಕಲಬುರಗಿಯಿಂದ ಕಮಲಾಪುರಕ್ಕೆ ಹೋಗುವುದು ನನ್ನ ಅಕ್ಕನಿಗಾಗಿ. ಅವಳ ಮನೆಯಲ್ಲಿ ಮಗ, ಸೊಸೆ, ಬಾಳೆತೋಟ, ಎಲ್ಲ ತುಂಬಿ ತುಳುಕುತ್ತದೆ. ಶುಗರ್ ಅವಳ ಕಣ್ಣು ತೆಗೆದುಕೊಂಡಿತು. ಚಿಕ್ಕಂದಿನಲ್ಲಿ ದೀಪದ ಪಕ್ಕ ಕೂತು ನನಗೆ ಕಥೆ ಓದಿ ಹೇಳುತ್ತಿದ್ದವಳು ಅವಳು. ಈಗ ನಾನು ಅವಳಿಗೆ ಓದುತ್ತೇನೆ. ನಮ್ಮ ತಾಯಿಯ ಕೈಯ ಬೇಳೆಯ ರುಚಿ ನನಗೊಬ್ಬಳಿಗೆ ಬರುತ್ತದೆಂದು ಅವಳ ಹಟ, ಅದಕ್ಕೇ ಆ ಡಬ್ಬಿ. ಬಸ್ಸಿನ ಮೆಟ್ಟಿಲು ನನ್ನ ಮಂಡಿಗೆ ಆಗುವುದಿಲ್ಲ. ಬೈಕಿನ ಹಿಂದೆ ಅಡ್ಡ ಕೂರುವುದು ಆಗುತ್ತದೆ.

ಸೀರೆಯ ಕಲೆ ಎಲ್ಲವನ್ನೂ ಹೇಳಿಬಿಟ್ಟಿತು. ಅಂದು ಸಂಜೆಯೇ ಶಹಾಬಜಾರದ ನಮ್ಮ ಮನೆಯ ಪಡಸಾಲೆಯಲ್ಲಿ ಮಗ ಕೋರ್ಟು ನಡೆಸಿದ.

"ಸಾಕಿನ್ನ ಮಮ್ಮಿ. ನಾ ಕಾರಿನ್ಯಾಗ ಕರಕೊಂಡ ಹೋಗ್ತೀನಿ."

"ಯಾವಾಗ?"

"ತಿಂಗಳಿಗೊಮ್ಮೆ. ಸಂಡೇ ಖಾಲಿ ಇದ್ರ."

ಅವನ ಸಂಡೇ ಎಂದೂ ಖಾಲಿ ಇರುವುದಿಲ್ಲವೆಂದು ಅವನಿಗೂ ಗೊತ್ತು. ನಾನು ಟೀಚರಾಗಿದ್ದವಳು, ಹಟಮಾರಿ ಮಕ್ಕಳ ಜೊತೆ ಹೇಗೆ ನೆಗೋಷಿಯೇಟ್ ಮಾಡಬೇಕೆಂದು ಬಲ್ಲೆ. ನನ್ನ ಎರಡೂ ಕೈ ಖಾಲಿ ಇದ್ದಿದ್ದರೆ ಬೀಳುತ್ತಿದ್ದೆನೇ ಎಂದು ಕೇಳಿದೆ. ಅವನು ತಲೆ ಕೆರೆದುಕೊಂಡ. ಕೊನೆಗೆ ಷರತ್ತು ಇಟ್ಟ: ಮಡಿಲಲ್ಲಿ ಏನೂ ಇರಬಾರದು, ಎರಡು ಕೈಯಿಂದ ಹಿಡಿದು ಕೂರಬೇಕು, ಅವನೇ ನೋಡಿ ಪಾಸ್ ಮಾಡಬೇಕು. ಅಲ್ಲಿಯವರೆಗೆ ಗುರುವಾರ ಬಂದ್.

ಹಾಗಾದರೆ ಚೀಲ ಎಲ್ಲಿಡುವುದು? ನಮ್ಮದು ಪುಟ್ಟ ಬೈಕು. ಬಲಕ್ಕೆ ಸೈಲೆನ್ಸರ್, ಎಡಕ್ಕೆ ನನ್ನ ಕಾಲು, ಹಿಂದೆ ನಾನು ಹಿಡಿದುಕೊಳ್ಳುವ ಕಬ್ಬಿಣ. ಹ್ಯಾಂಡಲಿಗೆ ತೂಗುಹಾಕಿದರೆ ಆ ಬೈಕ್ ನಮ್ಮ ಮಾತು ಕೇಳುವುದಿಲ್ಲ. ಉಳಿದದ್ದು ಪೆಟ್ರೋಲ್ ಟ್ಯಾಂಕ್ ಒಂದೇ.

ಸೊಸೆ ಮೊಬೈಲ್ ತೋರಿಸಿದಳು. "ಅತ್ತೀ, ಇಲ್ನೋಡ್ರಿ, ಟ್ಯಾಂಕ್ ಬ್ಯಾಗ್ ಅಂತ. ಲಡಾಕಿಗೆ ಹೋಗೋರು ಹಾಕ್ಕೋತಾರ."

"ನಾವು ಕಮಲಾಪುರಕ್ಕ ಹೋಗೋರವ್ವಾ."

"ಸ್ಟಾರ್ ನೋಡ್ರಿ ಅತ್ತೀ, ಎಷ್ಟ್ ಸ್ಟಾರ್!"

ಸ್ಟಾರ್ ನೋಡಿ ತರಿಸಿದೆವು. ಬಂದದ್ದು ಬ್ಯಾಗಲ್ಲ, ಬೆಲ್ಟು ಕಟ್ಟಿದ ಸಣ್ಣ ಗೋದ್ರೆಜ್ ಬೀರು. ಅದನ್ನು ಕಟ್ಟಿದ ಮೇಲೆ ಸ್ಪೀಡೋಮೀಟರ್ ಕಾಣಲಿಲ್ಲ, ಕೀಲಿ ಕಾಣಲಿಲ್ಲ. ಯಜಮಾನರ ಹೊಟ್ಟೆಗೂ ಅದಕ್ಕೂ ಜಾಗದ ಜಗಳ. ನೀರಾವರಿ ಇಲಾಖೆಯಲ್ಲಿ ನಕ್ಷೆ ಬರೆದು ರಿಟೈರ್ ಆದವರು ಅವರು; ತರಿಸುವ ಮುನ್ನ ಅಳತೆ ಮಾಡಿ ಅಂದಿದ್ದಕ್ಕೆ "ಕಣ್ಣಳತಿ ಸಾಕು" ಅಂದಿದ್ದರು. ಟ್ರಯಲಿಗೆಂದು ಓಣಿಯಲ್ಲಿ ಒಂದು ಸುತ್ತು ಹೋದರು. ಹ್ಯಾಂಡಲ್ ಎಡಕ್ಕೆ ತಿರುಗಿದಾಗಲೆಲ್ಲ ಬ್ಯಾಗಿನ ಮೂಲೆ ಹಾರ್ನಿನ ಬಟನ್ ಒತ್ತುತ್ತಿತ್ತು. ನಮ್ಮ ಓಣಿಯಲ್ಲಿ ಇರುವುದೆಲ್ಲ ಎಡ ತಿರುವು. ಬೋರ್ಡ್ ಪರೀಕ್ಷೆಗೆ ಓದುವ ಮಕ್ಕಳು ಕಿಟಕಿಯಿಂದ ಇಣುಕಿದರು. ಎದುರು ಮನೆಯಾಕೆ ಜೋಳ ಹಸನು ಮಾಡುತ್ತಿದ್ದವಳು ಮೊರ ಕೆಳಗಿಟ್ಟು ಕೇಳಿದಳು:

"ಏನ್ರೀ ಟೀಚರ್, ಸರ್ ಎಲೆಕ್ಷನ್ ಗೆದ್ದರೇನು? ಹಾರ್ನ್ ಹೊಡಕೋತ ಮೆರವಣಗಿ ನಡದದಲ್ಲ?"

ಬೀರು ವಾಪಸ್ ಹೋಯಿತು. ಒಂದು ಗುರುವಾರವೂ ಅದರ ಜೊತೆ ಹೋಯಿತು.

ಎರಡನೆಯದನ್ನು ಕಣ್ಣಾರೆ ನೋಡಿ ಕೊಳ್ಳೋಣವೆಂದು ಸೂಪರ್ ಮಾರ್ಕೆಟ್ ಕಡೆಯ ಒಂದು ಅಂಗಡಿಗೆ ಹೋದೆವು. ಹೆಲ್ಮೆಟ್, ಮಿರರ್, ಸೀಟ್ ಕವರ್‌ಗಳ ನಡುವೆ ಅಂಗಡಿಯವರು ಕೂತಿದ್ದರು. ಗಡ್ಡಕ್ಕೆ ಮೆಹಂದಿ, ಬಾಯಲ್ಲಿ ಸುಪಾರಿ.

"ಅಮ್ಮಾ, ಬೆಲ್ಟಿಂದು ಬ್ಯಾಡ. ಮ್ಯಾಗ್ನೆಟ್‌ದು ತಗೋರಿ. ಏಕದಮ್ ಪಕ್ಕಾ!" ಎನ್ನುತ್ತ ಪುಟ್ಟದೊಂದು ಕಪ್ಪು ಬ್ಯಾಗನ್ನು ಎತ್ತಿ ತಮ್ಮ ಶಟರಿಗೇ ಹೊಡೆದರು. ಅದು ಅಲ್ಲೇ ಅಂಟಿಕೊಂಡು ನಿಂತಿತು. "ಎಳೀರಿ ನೋಡೂಣು!"

ನಾನು ಎರಡೂ ಕೈಯಿಂದ ಎಳೆದೆ. ಬರಲಿಲ್ಲ. ಬೇಳೆಯ ಡಬ್ಬಿ, ಪುಸ್ತಕ, ಕನ್ನಡಕಕ್ಕೆ ಹೇಳಿ ಮಾಡಿಸಿದ ಸೈಜು. ನನಗೆ ಪಸಂದಾಗಿ ಹೋಯಿತು. ದುಡ್ಡು ಕೊಟ್ಟು ಹೊರಗೆ ಬಂದು, ಬೈಕ್ ಹತ್ತಿ ಕೂತಿದ್ದ ಯಜಮಾನರ ಮುಂದೆ ಟ್ಯಾಂಕಿನ ಮೇಲೆ ಇಟ್ಟೆ. ಅದು ಒಂದು ಕ್ಷಣ ಯೋಚನೆ ಮಾಡಿ, ಮೆಲ್ಲಗೆ ಜಾರಿ, ಯಜಮಾನರ ಮಡಿಲಿಗೆ ಬಂದು ಬಿತ್ತು.

"ಸಾಹೇಬ್ರ, ಕವರ್ ತಗೀರಿ," ಅಂಗಡಿಯವರು ನಕ್ಕರು. "ಮ್ಯಾಗ್ನೆಟ್‌ಗೆ ಲೋಹಾ ಬೇಕು. ನೀವು ಗಾದಿ ಹಾಸೀರಿ."

"ಕವರ್ ತಗಿಯೂ ಮಾತ ಬ್ಯಾಡ," ಯಜಮಾನರು ಬೈಕಿಗೆ ಕಿಕ್ ಹೊಡೆದರು.

ಈ ಕವರಿನ ಬಗ್ಗೆ ಹೇಳಲೇಬೇಕು. ಕಪ್ಪು ರೆಕ್ಸಿನ್, ಒಳಗೆ ಬೆರಳು ದಪ್ಪದ ಫೋಮು, ಅಂಚಿಗೆ ಕೆಂಪು ಪೈಪಿಂಗ್. ಹದಿನೇಳು ವರ್ಷದ ಹಿಂದೆ ಬೈಕ್ ಷೋರೂಮಿನಿಂದ ನಮ್ಮ ಮನೆಗೆ ಬರುವ ಮೊದಲೇ ಕವರಿನ ಅಂಗಡಿಗೆ ಹೋಗಿತ್ತು. ಪೂಜೆಯ ಕುಂಕುಮವನ್ನೂ ನಾನು ರೆಕ್ಸಿನ್ನಿಗೇ ಹಚ್ಚಿದ್ದೆ. ಅಂದಿನಿಂದ ಇಂದಿನವರೆಗೆ ಅದನ್ನು ಬಿಚ್ಚಿಲ್ಲ. ಪಕ್ಕದ ಪ್ಯಾನೆಲ್ಲಿನ ಮರೂನು ಬಿಸಿಲಿಗೆ ಬಿಳುಚಿ ಗುಲಾಬಿಯಾಗಿದೆ. ಖರೇ ಮರೂನು ಟ್ಯಾಂಕಿನ ಮೇಲೆ ಭದ್ರವಾಗಿದೆ ಎಂದು ಅವರ ನಂಬಿಕೆ. ಬೈಕಿನ ಮಾತು ಬಂದಾಗಲೆಲ್ಲ ಸಿಕ್ಕವರ ಮುಂದೆ "ಒಳಗ ಷೋರೂಮ್ ಪೀಸ್ ಅದ" ಎಂದು ಟ್ಯಾಂಕ್ ತಟ್ಟುತ್ತಾರೆ.

"ಯಾರಿಗೆ ತೋರಸಾಕ ಇಟ್ಟೀರಿ ಆ ಪೇಂಟ್?" ಮನೆಗೆ ಬಂದು ಕೇಳಿದೆ. "ನೀವೂ ನೋಡಿಲ್ಲ, ನಾನೂ ನೋಡಿಲ್ಲ."

"ನಿನ್ನ ಡಿನ್ನರ್ ಸೆಟ್ಟಿನ್ಯಾಗ ಎಂದರ ಊಟ ಮಾಡೀವೇನು? ನೀಲಿ ಅಂಚಿಂದು? ಮದುವ್ಯಾಗ ಬಂದದ್ದು?"

"ದಟ್ ಈಸ್ ಡಿಫರೆಂಟ್," ಎಂದೆ.

ಗಾಜಿನ ಕಪಾಟಿನಿಂದ ಆ ಪ್ಲೇಟುಗಳು ನನ್ನನ್ನೇ ನೋಡುತ್ತಿದ್ದವು. ದೊಡ್ಡ ಗೆಸ್ಟ್ ಯಾರಾದರೂ ಬರಲಿ ಎಂದು ಇಟ್ಟದ್ದು. ಯಾರು ಬಂದರೂ ಅಷ್ಟು ದೊಡ್ಡವರು ಅನ್ನಿಸಲೇ ಇಲ್ಲ. ಆದರೂ ಪ್ಲೇಟು ಯಾರ ಅಕ್ಕನನ್ನೂ ಕಾಯಿಸಲಿಲ್ಲವಲ್ಲ! ಅವರಿಗೆ ಹಾಗೆಂದು ತಿಳಿಸಿ ಹೇಳಿದೆ. ಅವರು ಪೇಪರ್ ಎತ್ತಿಕೊಂಡರು. ನಾಲ್ಕು ದಿನ ನಾನು ಬೇಡಿದ್ದೇನು, ಬೈದದ್ದೇನು. ಕವರಿನ ಮೇಲೆ ದಾರದಿಂದ ಕಟ್ಟೋಣ ಅಂದರು, ಕಟ್ಟಿದರು, ಓಣಿಯ ಕೊನೆ ಮುಟ್ಟುವುದರೊಳಗೆ ಬ್ಯಾಗು ಟ್ಯಾಂಕಿನ ಬದಿಗೆ ಇಳಿದು ತೂಗಾಡುತ್ತಿತ್ತು. ಮಗ ಬಾಗಿಲಲ್ಲಿ ನಿಂತು ನೋಡಿ ಒಂದೇ ಮಾತು ಹೇಳಿದ: "ಫೇಲ್."

ಎರಡನೇ ಗುರುವಾರವೂ ಹೋಯಿತು. ಮೂರನೆಯದರ ಹಿಂದಿನ ದಿನ ಬೆಳಿಗ್ಗೆ ಅಕ್ಕನ ಫೋನು.

"ನಾಳಿ ಬರ್ತಿಯೋ ಇಲ್ಲೋ?"

"ಬ್ಯಾಗಿಂದು ಇನ್ನೂ ಆಗಿಲ್ಲ ಅಕ್ಕ. ಇಲ್ಲಿಂದಲೇ ಓದ್ಲೇನು?"

"ಫೋನಿನ್ಯಾಗ ಬ್ಯಾಡ. ಎಲ್ಲಾರೂ ಬಾವ್ಯಾಗ ಬಿದ್ದು ಮಾತಾಡಿದಂಗ ಕೇಳತದ." ಆಮೇಲೆ ಕೇಳಿದಳು: "ಆ ಹುಡುಗಿ ಟ್ರಂಕ್ ಹಿಡಕೊಂಡು ಸ್ಟೇಷನ್ನಿನ್ಯಾಗ ನಿಂತಿದ್ದಳಲ್ಲ, ಇನ್ನೂ ಅಲ್ಲೇ ನಿಂತಾಳೇನು?"

"ಅಲ್ಲೇ ಇದ್ದಾಳ ಅಕ್ಕ. ಪುಸ್ತಕ ಮುಚ್ಚಿಟ್ಟೀನಿ."

"ಪಾಪ, ಕಾಲು ಬ್ಯಾನಿ ಆಗಿರಬೇಕು ಅಕಿಗೆ. ನಾ ಇರೂದ್ರಾಗ ಅಕಿನ್ನ ಗಾಡಿ ಹತ್ತಸ್ತೀಯೇನವ್ವಾ?"

ಅವಳು ನಕ್ಕಳು. ನನಗೆ ನಗು ಬರಲಿಲ್ಲ. ಫೋನಿಟ್ಟು, ಅಡುಗೆಮನೆಯಿಂದ ಕತ್ತರಿ ತೆಗೆದುಕೊಂಡು ಅಂಗಳಕ್ಕೆ ಹೋದೆ. ಯಜಮಾನರು ಬೈಕ್ ಒರೆಸುತ್ತಿದ್ದರು. ಒರೆಸುತ್ತಿದ್ದದ್ದೂ ಕವರನ್ನೇ.

"ನೀವು ಬಿಚ್ಚತೀರೋ, ನಾ ಕತ್ತರಿಸ್ಲೋ?"

ಕತ್ತರಿ ನೋಡಿದರು, ನನ್ನ ಮುಖ ನೋಡಿದರು. ನಲವತ್ತೇಳು ವರ್ಷದ ಸಂಸಾರದಲ್ಲಿ ಯಾವ ಮುಖದ ಮುಂದೆ ವಾದ ಮಾಡಬಾರದೆಂದು ಕಲಿತಿದ್ದಾರೆ. ಕೆಳಗೆ ಕುಕ್ಕರುಗಾಲಲ್ಲಿ ಕೂತು ಟ್ಯಾಂಕಿನಡಿಯ ಕೊಕ್ಕೆಗಳಿಗೆ ಕೈ ಹಾಕಿದರು. ಒಂದು ಕೊಕ್ಕೆ ಬಂತು. ಇನ್ನೊಂದು ತುಕ್ಕು ಹಿಡಿದು ಮುರಿಯಿತು. "ಹಗೂರಕ, ಹಗೂರಕ," ಎಂದು ತಮಗೆ ತಾವೇ ಹೇಳಿಕೊಳ್ಳುತ್ತ ಮದುಮಗಳ ಸೆರಗು ಸರಿಸಿದಷ್ಟು ಮೆಲ್ಲಗೆ ಕವರ್ ಎತ್ತಿದರು.

ಫೋಮು ಪುಡಿಯಾಗಿ ಟ್ಯಾಂಕಿಗೆ ಅಂಟಿಕೊಂಡಿತ್ತು. ಒಳಗೆ ಇಳಿದ ಹದಿನೇಳು ಮಳೆಗಾಲದ ನೀರನ್ನು ಆ ಫೋಮು ಕುಡಿದು ಹಿಡಿದಿಟ್ಟಿತ್ತು. ಪೇಂಟು ಸುಟ್ಟ ಹಪ್ಪಳದಂತೆ ಗುಳ್ಳೆ ಎದ್ದಿತ್ತು. ಗುಳ್ಳೆ ಒಡೆದಲ್ಲೆಲ್ಲ ಕಂದು ತುಕ್ಕು. ಪೆಟ್ರೋಲ್ ಮುಚ್ಚಳದ ಪಕ್ಕ ಅಂಗೈಯಷ್ಟು ಜಾಗದಲ್ಲಿ ಮಾತ್ರ ಮರೂನು ಉಳಿದಿತ್ತು, ಥಳಥಳ ಹೊಳೆಯುತ್ತ.

"ನಾನು ಹೇಳಿರಲಿಲ್ಲವೇ" ಎಂಬ ಮಾತನ್ನು ನಾನು ವರ್ಷಗಳಿಂದ ನಾಲಿಗೆಯ ತುದಿಯಲ್ಲಿ ಇಸ್ತ್ರಿ ಮಾಡಿ ಇಟ್ಟುಕೊಂಡಿದ್ದೆ. ಅದಕ್ಕಿಂತ ಒಳ್ಳೆಯ ಸಂದರ್ಭ ಇನ್ನೊಂದು ಸಿಗುವುದಿಲ್ಲ. ಯಜಮಾನರು ಬಟ್ಟೆಯ ಚೂರಿನಿಂದ ಆ ಅಂಗೈಯಗಲದ ಮರೂನನ್ನು ಒರೆಸಿದರು. ಮತ್ತೆ ಒರೆಸಿದರು.

"ಬಣ್ಣ ಚಲೋ ಇತ್ತು," ಎಂದರು.

ನಾನು ಕತ್ತರಿಯನ್ನು ಸೆರಗಿನ ಹಿಂದೆ ಮರೆಮಾಡಿದೆ. ಒಳಗೆ ಹೋಗಿ ಬ್ಯಾಗ್ ತಂದು ಟ್ಯಾಂಕಿನ ಮೇಲಿಟ್ಟೆ. ಟಕ್ ಎಂದು ಕೂತಿತು. ತುಕ್ಕೂ ಬಹಳಷ್ಟು ಮುಚ್ಚಿತು.

ಸಂಜೆ ಮಗ ಬಂದು ಇನ್‌ಸ್ಪೆಕ್ಷನ್ ಮಾಡಿದ. ನನ್ನನ್ನು ಹಿಂದೆ ಕೂರಿಸಿ, ಒಂದು ಕೈ ಕಬ್ಬಿಣಕ್ಕೆ, ಒಂದು ಕೈ ಅವರಪ್ಪನ ಹೆಗಲಿಗೆ ಹಿಡಿಸಿ, ಓಣಿಯಲ್ಲಿ ಮೂರು ಸುತ್ತು ಹೊಡೆಸಿದ. ಬ್ಯಾಗು ಅಲುಗಲಿಲ್ಲ, ಹಾರ್ನು ಬಾಯಿಬಿಡಲಿಲ್ಲ. ಎದುರು ಮನೆಯಾಕೆ "ಮೆರವಣಗಿ ಭಾಳ ಸಪ್ಪಗದ ಈ ಸಲ" ಎಂದಳು. ಮಗ ಟ್ಯಾಂಕನ್ನು ನೋಡಿದ, ಅಪ್ಪನನ್ನು ನೋಡಿದ. ಬೈಯಬೇಕೆಂದಿದ್ದವನು "ಪಾಸ್. ಸಾವಕಾಶ ಹೋಗ್ರಿ" ಎಂದಷ್ಟೇ ಹೇಳಿ ಒಳಗೆ ಹೋದ.

ಮಾರನೆಯ ದಿನ ಹೊರಡುವಾಗ ನೋಡುತ್ತೇನೆ, ಬ್ಯಾಗಿನ ಮೇಲೊಂದು ಹಳದಿ ಕವರು! ಬ್ಯಾಗಿನ ಜೊತೆ ಬಂದ ಮಳೆಯ ಟೋಪಿ. ಆಕಾಶದಲ್ಲಿ ಒಂದು ತುಂಡು ಮೋಡವಿಲ್ಲ.

"ಇದ್ಯಾಕ್ರಿ?"

"ಹೊಸಾ ಬ್ಯಾಗು. ಧೂಳ ಕೂಡ್ತದ."

ಓ ಮೈ ಗಾಡ್. ಇವರಿಗೆ ಏನು ಹೇಳಲಿ? ಕನ್ನಡಕ ಬೇಕಾದಾಗಲೆಲ್ಲ ಆ ಟೋಪಿ ಬಿಚ್ಚಿ, ಜಿಪ್ ಎಳೆದು, ಮತ್ತೆ ಟೋಪಿ ಕಟ್ಟಬೇಕು. ದಾರಿಯುದ್ದಕ್ಕೂ ಅವರ ಬೆನ್ನಿಗೆ ಬೈಯುತ್ತಲೇ ಹೋದೆ; ಹೆಲ್ಮೆಟ್ಟಿನೊಳಗೆ ಅವರಿಗೆ ಕೇಳಿಸಲಿಲ್ಲ, ಅಥವಾ ಕೇಳಿಸಿತು. ಆ ಸ್ಪೀಡ್ ಬ್ರೇಕರ್ ಬಂದಾಗ ಮಾತ್ರ ಎಷ್ಟು ನಿಧಾನ ಮಾಡಿದರೆಂದರೆ ಹಾಲಿನ ಕ್ಯಾನು ಕಟ್ಟಿದ ಸೈಕಲ್ಲಿನವನೊಬ್ಬ ನಮ್ಮನ್ನು ಹಿಂದೆ ಹಾಕಿ, ತಿರುಗಿ ನೋಡಿ ಹೋದ.

ಅಕ್ಕ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತಿದ್ದಳು. ಬೈಕಿನ ಸದ್ದಿಗೆ ಎದ್ದು, ಗೋಡೆ ಹಿಡಿದು ಬಂದಳು. "ಎಲ್ಲಿ ಅದ ನಿಮ್ಮ ಬ್ಯಾಗು? ಮೂರು ವಾರ ನನ್ನ ಉಪವಾಸ ಹಾಕಿದ್ದು?"

ಯಜಮಾನರು ಬ್ಯಾಗ್ ಕಿತ್ತು ಅವಳ ಕೈಗೆ ಕೊಟ್ಟರು. ಅವಳು ಅದನ್ನು ತಡವಿದಳು, ತೂಗಿ ನೋಡಿದಳು; ಆಮೇಲೆ ಇನ್ನೊಂದು ಕೈ ಚಾಚಿ, ಬ್ಯಾಗಿದ್ದ ಜಾಗವನ್ನೂ ಸವರಿದಳು. ಬೆರಳು ನಿಂತವು.

"ಇಲ್ಲಿ ಏನೋ ಖರಖರ ಅನ್ನತದಲ್ಲ?"

"ಡಿಸೈನ್ ಅದ ರೀ ಅಕ್ಕಾರ," ಯಜಮಾನರು ಹೇಳಿದರು. "ಕಂಪನಿ ಡಿಸೈನ್. ಮರೂನ್ ಕಲರಿನ್ಯಾಗ. ಈಗ ಷೋರೂಮಿಂದ ತಂದಂಗ ಅದ."

ಅಕ್ಕ ನನ್ನ ಕಡೆ ಮುಖ ತಿರುಗಿಸಿದಳು. "ಖರೇನಾ?"

ಕಾನ್ವೆಂಟಿನ ಚಾಪೆಲ್ಲಿನಲ್ಲಿ ಎಷ್ಟು ಬೆಳಗುಗಳನ್ನು ಸತ್ಯ ಹೇಳುವುದು ಕಲಿಯುತ್ತ ಮಂಡಿಯೂರಿ ಕಳೆದಿದ್ದೇನೋ. ಯಜಮಾನರು ಹೆಲ್ಮೆಟ್ಟಿನ ಬೆಲ್ಟನ್ನೇ ನೋಡುತ್ತ ನಿಂತಿದ್ದರು.

"ಎಸ್, ಅಕ್ಕ. ಪರ್ಫೆಕ್ಟ್ ಕಂಡಿಷನ್."

"ಹೂಂ," ಅಂದಳು ಅಕ್ಕ, ತುಕ್ಕಿನ ಪುಡಿ ಹತ್ತಿದ ಬೆರಳನ್ನು ಸೆರಗಿಗೆ ಒರೆಸಿಕೊಳ್ಳುತ್ತ. "ಸಣ್ಣಾಕಿ ಇದ್ದಾಗಿಂದ ನೋಡೀನಿ, ಸುಳ್ಳು ಹೇಳೂದಿದ್ರ ನಿನಗ ಇಂಗ್ಲಿಷ್ ಬರತದ."

ಆಮೇಲೆ ನನ್ನ ತೋಳು ಹಿಡಿದು ಕಟ್ಟೆಯ ಕಡೆ ಎಳೆದಳು. "ಬ್ಯಾಳಿ ಚೆಲ್ಲಿಲ್ಲಲ್ಲ?"

"ಒಂದ ಹನಿನೂ ಇಲ್ಲ."

"ಹಂಗಾದ್ರ ಬಾ, ಕನ್ನಡಕ ಹಾಕ್ಕೋ. ಆ ಹುಡುಗಿನ್ನ ಮೊದಲ ಗಾಡಿ ಹತ್ತಸು."

ನಾನು ಹಳದಿ ಟೋಪಿಯ ಗಂಟು ಬಿಚ್ಚತೊಡಗಿದೆ. ಯಜಮಾನರು ಅದನ್ನು ಎಷ್ಟು ಬಿಗಿಯಾಗಿ ಕಟ್ಟಿದ್ದರೆಂದರೆ, ಕನ್ನಡಕ ಹೊರಗೆ ಬರುವಷ್ಟರಲ್ಲಿ ಅಕ್ಕ ಮೂರು ಸಲ "ಇನ್ನೂ ಆಗಲಿಲ್ಲೇನು?" ಎಂದು ಕೇಳಿದ್ದಳು.