ಕೂತು ದಾಟಿದ ಬಂದರು

ತಾಂಗ್ ಸುಕ್ ಮೂವತ್ತೊಂದು ವರ್ಷಗಳಿಂದ ಹಾಂಗ್‌ಕಾಂಗ್ ಬಂದರನ್ನು ಎರಡಂತಸ್ತಿನ ಪ್ರಯಾಣಿಕರ ದೋಣಿಯಲ್ಲಿ ದಿನಕ್ಕೆ ಇಪ್ಪತ್ತು ಮೂವತ್ತು ಸಲ ದಾಟುತ್ತಾ ಬಂದಿದ್ದಾರೆ. ಒಂದು ಸಲವೂ ಕೂತು ದಾಟಿರಲಿಲ್ಲ. ನಾನು ಐದು ವರ್ಷದಿಂದ ದಿನಕ್ಕೆ ಎರಡೇ ಸಲ ದಾಟುವವನು, ಎರಡೂ ಸಲ ಕೂತು, ಅದೂ ಬಾಯಿ ತೆರೆದು ನಿದ್ದೆ ಮಾಡುತ್ತಾ. ವಿಮೆ ಕಚೇರಿಯಲ್ಲಿ ಜನ ತುಂಬಿಕೊಟ್ಟ ಅರ್ಜಿಗಳಲ್ಲಿ ಎಲ್ಲಿ ಸಹಿ ಬಿಟ್ಟುಹೋಗಿದೆ ಎಂದು ಹುಡುಕುವುದು ನನ್ನ ಕೆಲಸ. ಇಂಥ ಜವಾಬ್ದಾರಿ ಹೊತ್ತವನಿಗೆ ವಿಶ್ರಾಂತಿ ಬೇಕಲ್ಲ.

ಸುಕ್ ಎಂದರೆ ಚಿಕ್ಕಪ್ಪ, ಅವರ ಹೆಂಡತಿ ಲಾನ್ ಸಾಮ್ ಚಿಕ್ಕಮ್ಮ. ನನಗೂ ಅವರಿಗೂ ಇರುವುದು ರಕ್ತಸಂಬಂಧವಲ್ಲ, ಗೋಡೆ ಸಂಬಂಧ. ಅವರ ಮನೆಯ ಒಂದು ಕೋಣೆಯಲ್ಲಿ ನಾನು ಬಾಡಿಗೆಗಿದ್ದೇನೆ. ಅಲ್ಲಿ ಎರಡೂ ಕೈ ಚಾಚಿದರೆ ಎರಡೂ ಗೋಡೆ ಸಿಗುತ್ತವೆ. ವ್ಯಾಯಾಮ ಮಾಡದಿರಲು ನನಗೆ ಸಿಕ್ಕಿರುವ ಒಳ್ಳೆಯ ಕಾರಣ ಅದು.

ಸುಕ್ ಅವರದು ಹಗ್ಗ ಎಸೆಯುವ ಕೆಲಸ. ದೋಣಿ ಕಟ್ಟೆಯ ಹತ್ತಿರ ಬರುತ್ತಿದ್ದಂತೆ ತೋಳಿನ ಗಾತ್ರದ ಹಗ್ಗದ ಕುಣಿಕೆಯನ್ನು ಆಚೆಗೆ ಬೀಸಬೇಕು. ಕಟ್ಟೆಯ ಮೇಲೆ ನಿಂತವನು ಅದನ್ನು ಉದ್ದನೆಯ ಕೊಕ್ಕೆ ಕೋಲಿನಲ್ಲಿ ಎತ್ತಿ ಕಬ್ಬಿಣದ ಗೂಟಕ್ಕೆ ಹಾಕುತ್ತಾನೆ. ಆಮೇಲೆ ಇಳಿಯುವ ಹಲಗೆ ಧಡ್ ಎಂದು ಬೀಳುತ್ತದೆ. ಈ ಕೆಲಸ ಅವರ ಮೈಯಲ್ಲಿ ಎಷ್ಟು ಇಳಿದಿದೆ ಎಂದರೆ, ಬಸ್ಸಿನಲ್ಲಿ ನಿಲ್ದಾಣ ಬರುವ ಮೊದಲೇ ಎದ್ದು ಕಾಲಗಲಿಸಿ ನಿಲ್ಲುತ್ತಾರೆ. ಮದುವೆ ಊಟದಲ್ಲಿ ಮೀನಿನ ತಟ್ಟೆ ಮೇಜಿನ ಹತ್ತಿರ ಬಂದರೂ ಎದ್ದು ಕೈ ಚಾಚುತ್ತಾರೆ.

ಲಾನ್ ಸಾಮ್ ಇಪ್ಪತ್ತೆಂಟು ವರ್ಷದ ಹಿಂದೆ ಚೀನಾದ ತೈಶಾನ್‌ನಿಂದ ಮದುಮಗಳಾಗಿ ಬಂದ ದಿನ ಸುಕ್‌ಗೆ ರಜೆ ಸಿಕ್ಕಿರಲಿಲ್ಲ. ಆಕೆ ಹೊಸ ರಜಾಯಿಯ ಗಂಟನ್ನು ಪಕ್ಕದಲ್ಲಿ ಕೂರಿಸಿಕೊಂಡು ಬಂದರನ್ನು ದಾಟಿದರು. ಮದುಮಗ ಕೆಳಗೆ ಹಗ್ಗ ಹಿಡಿದು ನಿಂತಿದ್ದ. ಮುಂದಿನ ಸಲ ಪಕ್ಕದಲ್ಲೇ ಕೂರುತ್ತೇನೆ ಎಂದು ಅವತ್ತು ಸುಕ್ ಹೇಳಿದ್ದರು. ಆ ಮುಂದಿನ ಸಲ ಬರಲೇ ಇಲ್ಲ. ರಜೆಯ ದಿನ ನೀರಿನ ಮುಖ ನೋಡುವುದಿಲ್ಲ ಎನ್ನುವುದು ಸುಕ್ ಅವರ ವ್ರತ.

ಕಳೆದ ವಾರ ಗಂಜಿ ಬಡಿಸುತ್ತಾ ಸಾಮ್ ತೀರ್ಪು ಕೊಟ್ಟರು.

“ಈ ಭಾನುವಾರ ನಾವಿಬ್ರೂ ಊರು ನೋಡೋಕೆ ಬಂದವರ ಥರ ಹೋಗ್ತೀವಿ. ಮೇಲಿನ ಅಂತಸ್ತು, ಕಿಟಕಿ ಪಕ್ಕ. ಗಂಟೆ ಹೊಡೆದಾಗಿಂದ ಹಲಗೆ ಬೀಳೋ ತನಕ ನೀನು ನನ್ನ ಪಕ್ಕ ಕೂತಿರಬೇಕು.”

“ಒಂಬತ್ತು ನಿಮಿಷ ತಾನೇ? ಏನು ಮಹಾ!” ಎಂದರು ಸುಕ್.

“ಮಹಾ ಏನೂ ಅಲ್ಲ. ಇಪ್ಪತ್ತೆಂಟು ವರ್ಷದಿಂದ ನಿನ್ನ ಕೈಲಿ ಆಗಿಲ್ಲ, ಅಷ್ಟೆ. ಹಿನ್, ನೀನೂ ಬಾ. ಸಾಕ್ಷಿ ಬೇಕು, ಫೋಟೋನೂ ಬೇಕು.”

ಭಾನುವಾರ ನನಗೆ ಬೇರೇನೂ ಕೆಲಸವಿಲ್ಲ ಎಂದು ಅವರು ಕೇಳದೆಯೇ ತಿಳಿದುಕೊಂಡಿದ್ದರು. ಅವಮಾನವಾಯಿತು. ನಿಜವೂ ಆಗಿತ್ತು.

ಭಾನುವಾರ ಬಂತು. ಸಾಮ್ ಹೂವಿನ ಅಂಗಿ ಹಾಕಿದ್ದರು, ಬಿಸಿಲಿನ ಟೋಪಿ ಹೊಸದು. ಸುಕ್ ಇಸ್ತ್ರಿ ಮಾಡಿದ ಶರಟಿನಲ್ಲಿ ಸಂದರ್ಶನಕ್ಕೆ ಹೊರಟವರಂತಿದ್ದರು. ನಾವು ಹತ್ತಬೇಕಿದ್ದ ಚಿಮ್ ಸಾ ಚೋಯ್ ಕಟ್ಟೆಯಲ್ಲಿ ಅವರ ಕಾಲು ತಾನಾಗಿಯೇ ಸಿಬ್ಬಂದಿ ಬಾಗಿಲ ಕಡೆ ನಡೆಯಿತು. ಸಾಮ್ ಕಾಲರ್ ಹಿಡಿದು ಎಳೆದರು.

“ಏ ಮುದುಕ! ದುಡ್ಡು ಕೊಟ್ಟು ಹೋಗೋರು ಈ ಕಡೆ.”

ಒಳಗೆ ಹೋಗುವ ತಿರುಗುಗಂಬಿ ಸುಕ್ ಅವರನ್ನು ಬಿಡಲಿಲ್ಲ. ಟಿಕೆಟ್ ದುಡ್ಡಿನ ಕಾರ್ಡ್ ಎಲ್ಲಿ ಒತ್ತಬೇಕೆಂದು ಅವರಿಗೆ ಗೊತ್ತಿರಲಿಲ್ಲ. ಆ ದಿನ ಅವರ ಜಾಗದಲ್ಲಿ ಹಗ್ಗಕ್ಕೆ ನಿಂತಿದ್ದ ದಪ್ಪ ಕಿಯುಂಗ್, ನಲವತ್ತು ದಾಟಿದ ಆಸಾಮಿ, ದೋಣಿಯ ಕೆಳಗಿನ ಅಂತಸ್ತಿನಿಂದಲೇ ಕೂಗಿದ. “ಬನ್ನಿ ಬನ್ನಿ, ಪ್ರವಾಸಿಗಳೇ! ಹುಷಾರು, ನೀರಲ್ಲಿ ಕೈ ಅದ್ದಬೇಡಿ!”

“ಹಗ್ಗ ಸರಿಯಾಗಿ ಸುತ್ತಿಟ್ಟಿದ್ದೀಯೇನೋ?” ಎಂದರು ಸುಕ್.

“ತಾಂಗಣ್ಣ, ಟಿಕೆಟ್ ತಗೊಂಡೋರಿಗೆ ಮಾತಾಡೋ ಹಕ್ಕಿಲ್ಲ. ಮೇಲೆ ಹೋಗಿ!”

ನಮ್ಮ ದೋಣಿಗಳು ಹಿಂದೆ ತಿರುಗುವುದಿಲ್ಲ. ಯಾವ ಕಡೆ ಹೊರಟರೂ ಅದೇ ಮುಂದೆ. ಅದಕ್ಕೆ ನಾವೇ ಬೆಂಚಿನ ಬೆನ್ನನ್ನು ಆಚೆಗೆ ತಳ್ಳಿ ಮುಖ ತಿರುಗಿಸಿಕೊಂಡು ಕೂರಬೇಕು. ಅವರಿಬ್ಬರೂ ಹಾಗೇ ಕೂತರು. ಐದು ವರ್ಷದ ಅನುಭವಿಯಾದ ನಾನು ಎದುರಿನ ಬೆಂಚನ್ನು ತಳ್ಳದೆಯೇ ಕೂತು, ದೂರವಾಗುತ್ತಿದ್ದ ಗಡಿಯಾರ ಗೋಪುರವನ್ನೇ ನೋಡುತ್ತಾ ಹೊರಟೆ. ಒಳ್ಳೆಯದೇ ಆಯಿತು. ಸಾಕ್ಷಿಗೆ ಆರೋಪಿಯ ಮುಖ ನೇರವಾಗಿ ಕಾಣುತ್ತಿತ್ತು.

ಮೊದಲ ಎರಡು ನಿಮಿಷ ಸುಕ್ ಕೈಗಳನ್ನು ಮೊಣಕಾಲ ಮೇಲಿಟ್ಟು ಹಲ್ಲಿನ ಡಾಕ್ಟರರ ಮುಂದೆ ಕೂತಂತೆ ಕೂತಿದ್ದರು. ಆಮೇಲೆ ಗಾಳಿ ಬೀಸಿತು. ಸಾಮ್ ಅವರ ಟೋಪಿ ಹಾರಿತು, ಸುಕ್ ಕೂತಲ್ಲೇ ಗಬಕ್ಕನೆ ಹಿಡಿದರು. ಸಾಮ್ ನಕ್ಕು ಅವರ ತೋಳಿಗೆ ತೋಳು ಸಿಕ್ಕಿಸಿಕೊಂಡರು.

“ಆ ಬೆಟ್ಟ ಇಷ್ಟು ಹಸಿರಾಗಿತ್ತಾ?” ಎಂದರು ಸುಕ್.

“ಇಷ್ಟು ವರ್ಷ ಏನು ನೋಡ್ತಿದ್ದೆ ನೀನು?”

“ಗೂಟ.”

ಪಕ್ಕದಲ್ಲಿದ್ದ, ಚೀನಾದ ಚೆಂಗ್ದೂ ಕಡೆಯಿಂದ ಊರು ನೋಡಲು ಬಂದ ಹೆಂಗಸೊಬ್ಬಳು ಕೇಳಿದಳು, “ನಿಮಗೂ ಇದು ಮೊದಲ ಸಲಾನಾ?”

ಸುಕ್ ಸ್ವಲ್ಪ ಯೋಚಿಸಿದರು. “ಹೂಂ. ಮೊದಲ ಸಲ,” ಎಂದರು. ಆ ಮುಖದಲ್ಲಿ ಸುಳ್ಳು ಹೇಳಿದ ಕಳೆ ಎಳ್ಳಷ್ಟೂ ಇರಲಿಲ್ಲ. ನಾನು ಫೋಟೋ ತೆಗೆದೆ.

ಎಂಟನೆಯ ನಿಮಿಷಕ್ಕೆ ಇಂಜಿನ್ನಿನ ಸದ್ದು ಬದಲಾಯಿತು. ಸುಕ್ ಅವರ ಹಿಮ್ಮಡಿ ನೆಲದಿಂದ ಎದ್ದಿತು. ಸಾಮ್ ತೋಳನ್ನು ಬಿಗಿಯಾಗಿ ಹಿಡಿದರು. ಆಚೆ ದಡದ ಸೆಂಟ್ರಲ್ ಕಟ್ಟೆ ಹತ್ತಿರವಾಯಿತು, ನಾನು ಕತ್ತು ತಿರುಗಿಸಿ ನೋಡಿದೆ. ಅಷ್ಟರಲ್ಲಿ ಹಾದುಹೋದ, ಹಡಗು ಎಳೆಯುವ ಒಂದು ದೋಣಿಯ ಅಲೆ ನಮ್ಮನ್ನು ಮೇಲೆತ್ತಿತು, ಕಿಯುಂಗ್ ಬೀಸಿದ ಹಗ್ಗ ಕೊಕ್ಕೆಗೆ ಸಿಗದೆ ಚಳಕ್ ಎಂದು ನೀರಿಗೆ ಬಿತ್ತು. ಸುಕ್ ಬಲಗೈ ಮುಷ್ಟಿಯಾಯಿತು. ಕಿಯುಂಗ್ ಎಳೆದುಕೊಂಡು ಮತ್ತೆ ಬೀಸಿದ. ಮತ್ತೆ ನೀರು. ಸುಕ್ ಹಣೆಯಲ್ಲಿ ಬೆವರು. ಸೋತರು, ಎದ್ದೇಬಿಟ್ಟರು ಎಂದು ನಾನು ಫೋನ್ ಎತ್ತಿದೆ.

ಎದ್ದವರು ಲಾನ್ ಸಾಮ್.

ತೋಳು ಬಿಡಿಸಿಕೊಂಡು, ಕಂಬಿಗೆ ಹೊಟ್ಟೆ ಒತ್ತಿ ಬಗ್ಗಿ, ಇಡೀ ಅಂತಸ್ತು ತಿರುಗಿ ನೋಡುವಂತೆ ಕೂಗಿದರು. “ಕಿಯುಂಗ್! ಅಲೆ ಇಳಿಯೋ ತನಕ ತಡಿ! ಈಗ ಬೇಡ... ಈಗ ಬೇಡ... ಹೂಂ, ಈಗ ಬೀಸು! ಭುಜದಿಂದ, ಭುಜದಿಂದ!”

ಕಿಯುಂಗ್ ಬೀಸಿದ. ಕುಣಿಕೆ ಹಾರಿ ಹೋಗಿ ಕೊಕ್ಕೆಗೆ ಸಿಕ್ಕಿತು. ಚೆಂಗ್ದೂ ಹೆಂಗಸು ಚಪ್ಪಾಳೆ ತಟ್ಟಿದಳು. ಇಪ್ಪತ್ತೆಂಟು ವರ್ಷ ಒಬ್ಬಳೇ ದಾಟುವಾಗೆಲ್ಲ ಗಂಡನನ್ನು ಮೇಲಿನ ಅಂತಸ್ತಿನಿಂದ ನೋಡುತ್ತಾ ಬಂದ ಹೆಂಗಸಿಗೆ ಆ ಕೆಲಸದಲ್ಲಿ ತಿಳಿಯದ್ದೇನೂ ಉಳಿದಿರಲಿಲ್ಲ.

ಹಲಗೆ ಧಡ್ ಎಂದು ಬಿತ್ತು. ಸಾಮ್ ಕೆಂಪಾದ ಮುಖ ಹೊತ್ತು ತಿರುಗಿದರು. ಸುಕ್ ಬೆಂಚಿಗೆ ಅಂಟಿಕೊಂಡಂತೆ ಕೂತೇ ಇದ್ದರು.

“ಹಿನ್, ಸಾಕ್ಷಿ ಹೇಳು. ಎದ್ದೋರು ಯಾರು?” ಎಂದು ಸುಕ್ ಕೇಳಿದರು.

“ಸಾಮ್,” ಎಂದೆ. ಬಾಡಿಗೆದಾರನಾಗಿ ನಾನು ತೋರಿದ ಧೈರ್ಯ ಅದೊಂದೇ.

“ಹಗ್ಗ ನೀರಿಗೆ ಬಿದ್ದಿತ್ತಲ್ಲ!” ಎಂದರು ಸಾಮ್.

“ಬೀಳಲಿ. ನಾವು ಊರು ನೋಡೋಕೆ ಬಂದೋರು.” ಸುಕ್ ಮುಖದಲ್ಲಿ ಇಷ್ಟು ದೊಡ್ಡ ನಗುವನ್ನು ನಾನು ಕಂಡಿರಲಿಲ್ಲ. “ಲೆಕ್ಕಕ್ಕಿಲ್ಲ ಇದು. ವಾಪಸ್ ಹೋಗೋಣ. ಈ ಸಲ ನೀನು ಎದ್ರೆ ನೋಡು.”

ಇಳಿದು, ಸುತ್ತಿ ಬಂದು, ಮತ್ತೆ ಕಾರ್ಡ್ ಒತ್ತಿ ಹತ್ತಿದೆವು. ಈ ಸಲ ಸುಕ್ ತಾವೇ ಹೆಂಡತಿಯ ಕೈ ಹಿಡಿದುಕೊಂಡರು, ಅಂಗೈ ಮೇಲೆ ಅಂಗೈ ಇಟ್ಟು, ಭದ್ರವಾಗಿ. ಯಾರು ಮೊದಲು ಏಳುತ್ತಾರೋ ಎಂದು ಇಬ್ಬರೂ ಒಬ್ಬರ ಕಾಲನ್ನು ಒಬ್ಬರು ಕಾಯುತ್ತಾ ಬಂದರನ್ನು ದಾಟಿದರು. ಎದುರು ಕಟ್ಟೆಯಲ್ಲಿ ಹಗ್ಗ ಮೊದಲ ಬೀಸಿಗೇ ಸಿಕ್ಕಿತು. ಇಬ್ಬರೂ ಅದನ್ನು ನೋಡಲಿಲ್ಲ. ಹಲಗೆ ಬಿತ್ತು. ಜನ ಎದ್ದರು, ಇಳಿದರು, ಅಂತಸ್ತು ಖಾಲಿಯಾಯಿತು.

ಕಿಯುಂಗ್ ಮೆಟ್ಟಿಲಿನಿಂದ ತಲೆ ಹಾಕಿದ. “ಏನಣ್ಣ, ಇಳಿಯಲ್ವಾ?”

“ತಡಿಯೋ,” ಎಂದರು ಸುಕ್, ಕೂತಲ್ಲಿಂದಲೇ. “ಇವಳು ಏಳಲಿ ಮೊದಲು.”

“ನಾನ್ಯಾಕೆ ಏಳಲಿ?” ಎಂದರು ಲಾನ್ ಸಾಮ್.