ಬಸ್ಸು ಹೋಗದ ಊರಿನ ಗುರುತು

ದೆವ್ವ, ಶಕುನ, ಸತ್ತವರ ಸುಳಿವು ಇಂಥವನ್ನೆಲ್ಲ ನಾನು ನಂಬುವವನಲ್ಲ. ಗಣಿ ಕಂಪನಿಯ ಕಚೇರಿಯಲ್ಲಿ ಮೂವತ್ತು ವರ್ಷ ಗುಮಾಸ್ತನಾಗಿದ್ದವನಿಗೆ ಸಹಿ, ಮೊಹರು ಇಲ್ಲದ್ದನ್ನು ನಂಬುವ ಅಭ್ಯಾಸವಿರುವುದಿಲ್ಲ. ಯಾರಾದರೂ ದೆವ್ವ ಕಂಡೆ ಎಂದರೆ, ಅರ್ಜಿ ಕೊಡಿ, ವಿಚಾರಿಸೋಣ ಎನ್ನುತ್ತಿದ್ದೆ. ಹೋದ ವರ್ಷ ನಡೆದದ್ದರಲ್ಲಿ ಅರ್ಜಿದಾರನೂ ನಾನೇ, ವಿಚಾರಣಾಧಿಕಾರಿಯೂ ನಾನೇ. ಕಡತ ಇನ್ನೂ ಮುಚ್ಚಿಲ್ಲ.

ಕಂಪನಿ ಸಂಡೂರಿನ ಗುಡ್ಡದಲ್ಲಿತ್ತು. ಹೆಸರು ಬೇಡ, ಈಗ ಅದು ಇಲ್ಲ. ಹೊಸಪೇಟೆಯಿಂದ ನಮ್ಮನ್ನು ಕರೆದೊಯ್ಯುತ್ತಿದ್ದ ಸ್ಟಾಫ್ ಬಸ್ಸಿನಲ್ಲಿ ಒಂದು ಪದ್ಧತಿ ಇತ್ತು. ಡ್ರೈವರಿನ ಹಿಂದಿನ ಹಲಗೆಯ ಮೇಲೆ ಯಾವಾಗಲೂ ಒಂದು ಪುಸ್ತಕ ಇರುತ್ತಿತ್ತು, ಅದು ಎಲ್ಲರದ್ದು. ಓದಿದವನು ನಿಲ್ಲಿಸಿದ ಸಾಲಿನ ಪಕ್ಕ ಪೆನ್ಸಿಲಿನಲ್ಲಿ ತನ್ನ ಮೊದಲಕ್ಷರವನ್ನೂ, ಆ ಹೊತ್ತಿಗೆ ಬಸ್ಸು ಯಾವ ಊರಲ್ಲಿತ್ತೋ ಆ ಊರನ್ನೂ ಬರೆಯಬೇಕು. ಪತ್ತೇದಾರಿ ಪುಸ್ತಕವಾದರೆ ಇನ್ನೊಂದು ಕಾನೂನು: ಕೊಲೆಗಾರನ ಹೆಸರನ್ನು ಬಾಯಿಬಿಟ್ಟವನು ಒಂದು ವಾರ ಬಸ್ಸಿನಲ್ಲಿ ನಿಂತೇ ಬರಬೇಕು.

ಒಂದು ವರ್ಷ ಹಲಗೆಯ ಮೇಲಿದ್ದದ್ದು, ಈಗ ಲೋಕಕ್ಕೆಲ್ಲ ಗೊತ್ತಿರುವ ಒಬ್ಬ ಪತ್ತೇದಾರ ಮೊಟ್ಟಮೊದಲು ಕಾಣಿಸಿಕೊಂಡ ಕಾದಂಬರಿಯ ಕನ್ನಡ ರೂಪ. ರಟ್ಟು ಹರಿದಿತ್ತು. ಆ ಮಹಾಶಯ ಮನುಷ್ಯನ ಬೂಟು, ಉಗುರು, ಮೈಬಣ್ಣ ನೋಡಿಯೇ ಅವನ ಚರಿತ್ರೆ ಹೇಳುತ್ತಿದ್ದ. ನನಗೆ ತಲೆ ತಿರುಗಿತು. ಒಂದೇ ವಾರದಲ್ಲಿ ಪುಸ್ತಕ ಮುಗಿಸಿ ನಾನೂ ಎಲ್ಲರ ಬೂಟು ನೋಡತೊಡಗಿದೆ. ನೋಡುವುದಕ್ಕೆ ಏನಿತ್ತು, ನಮ್ಮೆಲ್ಲರ ಬೂಟೂ ಅದಿರಿನ ಧೂಳಿಗೆ ಕೆಂಪು.

ನನ್ನ ಪಕ್ಕದ ಸೀಟು ಫಿಟ್ಟರ್ ಹುಲುಗಪ್ಪನದು. ನಿಧಾನ ಓದುಗ, ತುಟಿ ಆಡಿಸಿಕೊಂಡು ಓದುತ್ತಿದ್ದ. ಒಂದು ಮುಂಜಾನೆ ಸಂಡೂರು ಬಂದಾಗ ಕೊಲೆಗಾರ ಸಿಕ್ಕಿಬೀಳುವ ಜಾಗಕ್ಕೆ ಬಂದು ಪುಸ್ತಕ ಮಡಚಿದ.

"ಹಿಡದ್ರಲ್ರಿ ಸಾಹೇಬ್ರ. ಮತ್ತ ಇನ್ನೂ ಅರ್ಧ ಪುಸ್ತಕ ಐತಲ್ಲ, ಅದ್ರಾಗ ಏನೈತಿ?"

"ಅವ ಯಾಕ ಮಾಡಿದ ಅಂತ ಐತಿ. ಅವನ ಕಥಿ."

"ಹಿಡದ ಮ್ಯಾಲೂ ಅವನ ಮಾತು ಕೇಳ್ತಾರೇನ್ರಿ? ಭಾಳ ಚಲೋ ಮಂದಿ ಬಿಡ್ರಿ."

ನಕ್ಕು, 'ಹು. ಸಂಡೂರು' ಎಂದು ಬರೆದ. ಅವನ 'ಹು'ವಿನ ಕೊಂಬು ಕೊಕ್ಕೆಯ ಹಾಗೆ ಕೆಳಗಿನ ಸಾಲಿನವರೆಗೂ ಇಳಿಯುತ್ತಿತ್ತು.

ಅದೇ ದಿನ ಕಚೇರಿಯಲ್ಲಿ, ಸರ್ವೆಗೆ ಬಳಸುವ ದುರ್ಬೀನು ಕಾಣೆಯಾಗಿದೆ ಎಂದು ಗದ್ದಲ. ಮ್ಯಾನೇಜರ್ ಸಾಹೇಬರ ಮುಂದೆ ಎಲ್ಲರೂ ನಿಂತಿದ್ದೆವು. ನಾನು ಗಂಭೀರವಾಗಿ ಕೆಮ್ಮಿ, ಹುಲುಗಪ್ಪನ ಬೂಟಿನ ಹೊಲಿಗೆಯಲ್ಲಿ ಕೆಂಪಿನ ಮೇಲೆ ಕಪ್ಪು ಎರೆಮಣ್ಣು ಇದೆ, ಅದು ಈ ಗುಡ್ಡದ್ದಲ್ಲ, ಕಂಪ್ಲಿ ಕಡೆಯ ಗದ್ದೆಯದು, ಆದರೆ ಈತ ಎರಡು ದಿನ ಜ್ವರವೆಂದು ರಜೆಚೀಟಿ ಕೊಟ್ಟಿದ್ದಾನೆ ಎಂದು ನಿವೇದಿಸಿದೆ. ಸಾಹೇಬರು ಮೆಚ್ಚಿ ತಲೆದೂಗಿದರು. ನನ್ನ ಜೀವನದಲ್ಲಿ ಅಷ್ಟು ಹೊಗಳಿಕೆ ಹಿಂದೂ ಸಿಕ್ಕಿರಲಿಲ್ಲ, ಮುಂದೂ ಸಿಗಲಿಲ್ಲ.

"ತಂಗಿ ಗದ್ದಿ ನಾಟಿಗೆ ಹೋಗಿದ್ದೆ ಸರ್, ಆಕಿ ಗಂಡಗ ಆರಾಮಿರಲಿಲ್ಲ," ಎಂದ ಹುಲುಗಪ್ಪ. ಜ್ವರವೆಂದು ಸುಳ್ಳು ಬರೆದವನ ಮಾತು ಯಾರು ಕೇಳುತ್ತಾರೆ? ದುರ್ಬೀನು ಕದ್ದವನೂ ಅವನೇ ಎಂದು ಅವನನ್ನು ಕೆಲಸದಿಂದ ತೆಗೆದರು. ಹೋಗುವಾಗ ನನ್ನನ್ನು ಬೈಯಲಿಲ್ಲ. ಬಗ್ಗಿ ತನ್ನ ಬೂಟನ್ನು ಒಮ್ಮೆ ನೋಡಿಕೊಂಡ, ಅಷ್ಟೆ.

ಮೂರು ತಿಂಗಳ ಮೇಲೆ ದುರ್ಬೀನು ಜೀಪ್ ಶೆಡ್ಡಿನ ಹಳೆ ಟೈರುಗಳ ಹಿಂದೆ ಸಿಕ್ಕಿತು. ಇಟ್ಟು ಮರೆತವರು ದೊಡ್ಡವರಾದ್ದರಿಂದ ವಿಚಾರಣೆ ಬೇಕಾಗಲಿಲ್ಲ. ನಾನು ಪುಸ್ತಕವನ್ನು ಮನೆಗೆ ತಂದೆ. ಒಂದೊಂದೇ ಪುಟ ತಿರುವಿ, ಮೊದಲಿನಿಂದ ಕೊನೆಯವರೆಗೆ ನನ್ನ ಗುರುತುಗಳನ್ನೆಲ್ಲ ರಬ್ಬರಿನಿಂದ ಅಳಿಸಿ, ಹೊಸಪೇಟೆ ಚಿತ್ತವಾಡ್ಗಿಯ ನಮ್ಮ ಮನೆಯ ಟ್ರಂಕಿನಲ್ಲಿಟ್ಟು ಬೀಗ ಹಾಕಿದೆ. ಹುಲುಗಪ್ಪನ ಕೊನೆಯ ಗುರುತು ಸಂಡೂರಿನಲ್ಲೇ ನಿಂತಿತ್ತು. ಇದನ್ನು ದಯವಿಟ್ಟು ನೆನಪಿಡಿ.

ಹೋದ ವರ್ಷ ಒಂದು ಮಧ್ಯಾಹ್ನ ಹುಲುಗಪ್ಪನ ಮಗಳು ರೇಣುಕಾ ಮನೆಗೆ ಬಂದಳು. ಕುಂದ್ರು ಎಂದೆ, ಕೂರಲಿಲ್ಲ. ಅಪ್ಪ ತೀರಿ ಆರು ತಿಂಗಳಾಯಿತು ಎಂದಳು. ನನಗೆ ಗೊತ್ತಿರಲಿಲ್ಲ.

"ಕಂಪ್ಲ್ಯಾಗ ನಮ್ಮತ್ತಿ ಹಾಸಿಗಿ ಹಿಡದಾಳ ಕಾಕಾ. ನನ್ನ ಗದ್ದಿಗೆ ಬಂದು ಅಣ್ಣ ಕಳ್ಳ ಅನ್ನಿಸ್ಕೊಂಡ ಅಂತ ಒಂದೇ ಸಮ ಅಳ್ತಾಳ. ನಮ್ಮಪ್ಪ ಕಳ್ಳ ಅಲ್ಲ ಅಂತ ಒಂದು ಕಾಗದ ಬರದು ಕೊಡ್ರಿ. ಓದಿ ಹೇಳ್ತೀನಿ. ಸಮಾಧಾನದಿಂದ ಹೋಗ್ಲಿ ಆಕಿ."

"ನೋಡೋಣಮ್ಮ," ಎಂದೆ. ಮೂವತ್ತು ವರ್ಷದ ಅಭ್ಯಾಸ.

ಅವಳು ಹೋದ ಮೇಲೆ ಟ್ರಂಕು ತೆರೆದು ಪುಸ್ತಕ ತೆಗೆದೆ. ಸಂಡೂರಿನ ಗುರುತು ಇತ್ತು. ಸುಮ್ಮನೆ ಮುಂದೆ ತಿರುವಿದೆ. ಎರಡನೆಯ ಭಾಗದಲ್ಲಿ, ಕೊಲೆಗಾರನ ಕಥೆ ನಡೆಯುವಲ್ಲಿ, ಅಂಚಿನಲ್ಲಿ ಪೆನ್ಸಿಲಿನ ಅಕ್ಷರ: 'ಹು. ಕಂಪ್ಲಿ'. ಕೊಂಬು ಕೆಳಗಿನ ಸಾಲಿನವರೆಗೆ ಇಳಿದಿತ್ತು.

ನಮ್ಮ ಬಸ್ಸು ಎಂದೂ ಕಂಪ್ಲಿಗೆ ಹೋದದ್ದಿಲ್ಲ. ಸಂಡೂರು ಒಂದು ದಿಕ್ಕಾದರೆ ಕಂಪ್ಲಿ ಇನ್ನೊಂದು ದಿಕ್ಕು.

ಪತ್ತೇದಾರನ ವಿಧಾನವನ್ನು ಮತ್ತೆ ಹೊರತೆಗೆದೆ. ಬೀಗದ ಕೈ ನನ್ನ ಜನಿವಾರದಷ್ಟೇ ನನಗೆ ಅಂಟಿಕೊಂಡದ್ದು. ಹೆಂಡತಿ ಪಂಚಾಂಗ ಬಿಟ್ಟರೆ ಏನೂ ಓದುವವಳಲ್ಲ. ಪುಸ್ತಕ ಟ್ರಂಕಿಗೆ ಸೇರಿದ ಮೇಲೆ ಹುಲುಗಪ್ಪ ನನ್ನ ಹೊಸಿಲು ತುಳಿದಿರಲಿಲ್ಲ. ಮೊದಲೇ ಬರೆದಿದ್ದನೇ? ರಬ್ಬರು ಹಿಡಿದು ಪ್ರತಿ ಪುಟ ನೋಡಿದವನು ನಾನು. ಭೂತಗನ್ನಡಿಯಿಂದಲೂ ನೋಡಿದೆ. ಪೆನ್ಸಿಲು ಪೆನ್ಸಿಲಿನಂತೆಯೇ ಕಂಡಿತು.

ಆ ಸಂಜೆಯೇ ಕಾಗದ ಬರೆದು, ಮರುದಿನ ಕಂಪ್ಲಿ ಬಸ್ಸು ಹಿಡಿದೆ. ರೇಣುಕಾ ಅತ್ತೆಯ ಮಂಚದ ಪಕ್ಕ ನಿಂತು ಗಟ್ಟಿಯಾಗಿ ಓದಿದಳು: 'ಸದರಿ ಪ್ರಕರಣದಲ್ಲಿ ತಪ್ಪು ಗ್ರಹಿಕೆ ಉಂಟಾಗಿ, ಶ್ರೀ ಹುಲುಗಪ್ಪನವರ ಮೇಲೆ ಆಧಾರವಿಲ್ಲದ ಅನುಮಾನ ಬಂದಿದ್ದು...' ಮುದುಕಿ ಕಣ್ಣು ಮುಚ್ಚಿಕೊಂಡೇ ಕೇಳಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಅನುಮಾನ ಬಂತು ಅಂತೀರಿ. ಯಾರಿಗೆ ಬಂತ್ರಿ? ಹೆಸರು ಬರದಿಲ್ಲಲ್ಲ."

ರೇಣುಕಾ ನೀರು ತಂದಿಟ್ಟಳು, ಕುಡಿದು ಎದ್ದೆ.

ಇನ್ನೊಂದು ಕಾಗದ ಬರೆಯಲು ನನಗೆ ಒಂಬತ್ತು ದಿನ ಹಿಡಿಯಿತು. ಅದರಲ್ಲಿ ಎರಡೇ ಸಾಲು. ಬೂಟು ನೋಡಿದವನು ನಾನು, ಹೇಳಿದವನು ನಾನು. ಕೆಳಗೆ ಪೂರ್ತಿ ಹೆಸರು, ತಂದೆಯ ಹೆಸರು, ವಿಳಾಸ. ತೆಗೆದುಕೊಂಡು ಹೋದಾಗ ಮನೆಯ ಮುಂದೆ ಚಪ್ಪರ ಹಾಕಿದ್ದರು. ಮುದುಕಿ ಹಿಂದಿನ ದಿನ ತೀರಿಹೋಗಿದ್ದಳು. ರೇಣುಕಾ ಕಾಗದ ತೆಗೆದುಕೊಂಡು, ಓದದೆ ಸೆರಗಿನ ಗಂಟಿಗೆ ಸೇರಿಸಿದಳು.

ಪುಸ್ತಕವನ್ನು ಮತ್ತೆ ಟ್ರಂಕಿನಲ್ಲಿಟ್ಟಿದ್ದೇನೆ, ಈ ಸಲ ಒಳಗೊಂದು ಪೆನ್ಸಿಲು ಸೇರಿಸಿ. ಹುಲುಗಪ್ಪನಿಗೆ ಕೊನೆಯ ಪುಟಕ್ಕೆ ಇನ್ನು ಇಪ್ಪತ್ತೆರಡು ಪುಟ ಬಾಕಿ. ಆಗಾಗ ಬೀಗ ತೆಗೆದು ನೋಡುತ್ತೇನೆ, ಈ ದಿನ ಬೆಳಿಗ್ಗೆಯೂ ನೋಡಿದೆ. ಕಂಪ್ಲಿಯಿಂದ ಮುಂದಕ್ಕೆ ಒಂದು ಗುರುತೂ ಬಿದ್ದಿಲ್ಲ. ಆ ಗುರುತು ಅಲ್ಲಿಗೆ ಹೇಗೆ ಬಂತೆಂದು ಮೊದಲು ತಿಳಿಯದಾಗಿತ್ತು. ಈಗ ಅಲ್ಲಿಂದ ಯಾಕೆ ಹೊರಡುತ್ತಿಲ್ಲ ಎನ್ನುವುದೂ ತಿಳಿಯದಾಗಿದೆ.